ಎದುರು ತಂಡವೋ, ಒಂದೇ ತಂಡವೋ?

ಶಾಲೆ ಬಿಟ್ಟ ಮೇಲೆ ಹುಡುಗರು ಕ್ರಿಕೆಟ್ ತಂಡ ಕಟ್ಟುವುದನ್ನು ಪಾಲಕರು ಒಮ್ಮೆ ನಿಂತು ನೋಡಬೇಕು. ಕಮತಗಿಯಂಥ ಊರುಗಳಲ್ಲಿ ತಂಡ ಏಳುವುದು ಹೆಚ್ಚಾಗಿ ಓಣಿಯ ಲೆಕ್ಕದಲ್ಲಿ. ಓಣಿಗಳೋ ಬಹುಮಟ್ಟಿಗೆ ಜಾತಿ, ಕಸುಬು, ಧರ್ಮದ ಲೆಕ್ಕದಲ್ಲಿ ಬೆಳೆದವು. ‘ನಮ್ಮವರು’, ‘ಅವರು’ ಎಂಬ ಪಾಠವನ್ನು ಯಾರೂ ಹೇಳಿಕೊಡದಿದ್ದರೂ ಮಗು ಕಲಿತುಬಿಡುತ್ತದೆ.

ಆಟ ಎಲ್ಲರನ್ನೂ ಒಂದುಗೂಡಿಸುತ್ತದೆ ಎಂದು ಗ್ಯಾದರಿಂಗ್‌ಗಳಲ್ಲಿ ಅತಿಥಿಗಳು ಭಾಷಣ ಮಾಡುವುದುಂಟು. ಇದು ಅರ್ಧ ಸತ್ಯ. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ 2017ರಲ್ಲಿ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. ವಿವಿಧ ಜಾತಿಗಳ 1,261 ಯುವಕರನ್ನು ಆರಿಸಿ, ಆಡಲು ಬಂದವರಲ್ಲಿ ಕೆಲವರನ್ನು ಸ್ವಜಾತಿಯ ತಂಡಕ್ಕೆ, ಕೆಲವರನ್ನು ಮಿಶ್ರ ತಂಡಕ್ಕೆ ಚೀಟಿ ಎತ್ತಿದಂತೆ ಹಂಚಿ ಕ್ರಿಕೆಟ್ ಲೀಗ್ ನಡೆಸಿದರು. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು, ಸ್ವಜಾತಿಯ ಪಕ್ಷಪಾತ ತಗ್ಗಿತು. ಬೇರೆ ಜಾತಿಯವರನ್ನು ಎದುರಾಳಿಯಾಗಿ ಮಾತ್ರ ಕಂಡಲ್ಲಿ ಫಲಿತಾಂಶ ಸಾಮಾನ್ಯವಾಗಿ ಇದಕ್ಕೆ ವಿರುದ್ಧ. ಮೈದಾನ ಅದೇ, ಚೆಂಡು ಅದೇ. ಓಣಿಗೆ ಓಣಿ ಎದುರು ನಿಲ್ಲಿಸಿ ಪಂದ್ಯಾವಳಿ ಏರ್ಪಡಿಸುವ ಹಿರಿಯರು ಇದನ್ನು ತುಸು ಯೋಚಿಸಬೇಕು.

ಇದಕ್ಕೂ ಮುಂಚೆ, 1954ರಲ್ಲಿ, ಮುಜಾಫರ್ ಶೆರೀಫ್ ಎಂಬ ಮನಃಶಾಸ್ತ್ರಜ್ಞ ಅಮೆರಿಕದ ಒಕ್ಲಹೋಮಾದಲ್ಲಿ 22 ಹುಡುಗರ ಶಿಬಿರ ನಡೆಸಿದ್ದರು. ಎರಡು ಗುಂಪು ಮಾಡಿ ಪಂದ್ಯಗಳನ್ನು ಇಟ್ಟದ್ದೇ ತಡ, ಬೈಗುಳ, ಧ್ವಜ ಸುಡುವುದು ಎಲ್ಲವೂ ಶುರುವಾದವು. ಒಟ್ಟಿಗೆ ಊಟಕ್ಕೆ ಕೂಡಿಸಿದರೂ ಜಗಳ ನಿಲ್ಲಲಿಲ್ಲ. ನೀರಿನ ಸರಬರಾಜು ನಿಂತು, ಎಲ್ಲರೂ ಸೇರಿ ಅದನ್ನು ಸರಿಪಡಿಸಬೇಕಾಗಿ ಬಂದಂಥ ಕೆಲಸಗಳು ಎದುರಾದಾಗ ಬಿಗುಮಾನ ಕರಗತೊಡಗಿತು. (ತಿಳಿಸದೆ ಮಕ್ಕಳನ್ನು ಹೀಗೆ ಕಾದಾಟಕ್ಕೆ ಬಿಟ್ಟದ್ದು ಮಾತ್ರ ಮೆಚ್ಚುವಂಥದ್ದಲ್ಲ.)

ಇಂಥ ಕೆಲಸ ನಮ್ಮ ಸೀಮೆಗೆ ಹೊಸತೇನಲ್ಲ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಬೇಕು. ಬಣ್ಣದವರು, ಹಾಸು ಹೂಡುವವರು, ನೇಯುವವರು ಒಬ್ಬರನ್ನು ಬಿಟ್ಟು ಒಬ್ಬರಿಲ್ಲ. ಬಾಗಲಕೋಟೆ ಸೀಮೆಯ ಹಳ್ಳಿಗಳಲ್ಲಿ ಮೊಹರಂನ ಹೆಜ್ಜೆ ಕುಣಿತಕ್ಕೆ ಹಿಂದೂ ಹುಡುಗರೂ ಕಾಲು ಕೂಡಿಸುತ್ತಾರೆ. ತರಗತಿಯಲ್ಲಿ ಮಾತ್ರ ಪ್ರತಿ ಮಗುವೂ ತನ್ನ ಅಂಕಕ್ಕೆ ತಾನೇ ಹೋರಾಡಬೇಕು.

ಎಲಿಯಟ್ ಆರನ್‌ಸನ್ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ಕಪ್ಪು, ಬಿಳಿ ಮಕ್ಕಳು ಆಗಷ್ಟೇ ಒಂದೇ ಶಾಲೆಗೆ ಬಂದು ಹೊಡೆದಾಡುತ್ತಿದ್ದ ಕಾಲ. ಐದಾರು ಮಕ್ಕಳ ಮಿಶ್ರ ಗುಂಪು ಮಾಡಿ, ಪಾಠವನ್ನು ತುಂಡು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಪಕ್ಕದವನ ಮಾತು ಕೇಳದೆ ಪಾಠ ಪೂರ್ತಿಯಾಗದು.

ವಿಜ್ಞಾನದ ತರಗತಿಯಲ್ಲಿ ಇದು ಸುಲಭ. ನೀರಿನ ಗಡಸುತನದ ಪಾಠ ಬಂದಾಗ ಪ್ರತಿಯೊಬ್ಬರೂ ತಮ್ಮ ಓಣಿಯ ಬೋರಿನದೋ ನಳದ್ದೋ ನೀರನ್ನು ಬಾಟಲಿಯಲ್ಲಿ ತರಲಿ. ಒಂದೇ ಅಳತೆಯ ನೀರಿಗೆ ಹತ್ತು ಹನಿ ಸಾಬೂನು ದ್ರಾವಣ ಹಾಕಿ, ಇಪ್ಪತ್ತು ಸಲ ಕುಲುಕಿ, ನೊರೆಯ ಎತ್ತರವನ್ನು ಸ್ಕೇಲಿನಿಂದ ಅಳೆಯಬೇಕು. ಮೈ ಸಾಬೂನನ್ನೇ ಬಳಸಿ. ಡಿಟರ್ಜೆಂಟ್ ಪುಡಿ ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಗುಂಪಿನಲ್ಲಿ ಬೇರೆ ಬೇರೆ ಓಣಿಯವರು ಇರಲಿ. ಒಬ್ಬ ಅಳೆಯಲಿ, ಒಬ್ಬಳು ಬರೆಯಲಿ, ಮುಂದಿನ ಸಲ ಕೆಲಸ ಬದಲಾಗಲಿ. ಕಸ ಹೊಡೆಯುವುದು, ಬಾಟಲಿ ತೊಳೆಯುವುದು ಸದಾ ಒಬ್ಬರ ಪಾಲಿಗೇ ಬಿದ್ದರೆ ಇಡೀ ಪ್ರಯೋಗ ತಲೆಕೆಳಗಾದಂತೆ. 1954ರಲ್ಲೇ ಗಾರ್ಡನ್ ಆಲ್‌ಪೋರ್ಟ್ ತಮ್ಮ ಗ್ರಂಥದಲ್ಲಿ ಸಮಾನ ಸ್ಥಾನವೇ ಮೊದಲ ಷರತ್ತು ಎಂದಿದ್ದರು.

ಯಾರ ನೀರು ಎಂಬುದು ನಮ್ಮಲ್ಲಿ ಸಣ್ಣ ಪ್ರಶ್ನೆಯಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರರು ಮಹಾಡದ ಚವದಾರ ಕೆರೆಯ ನೀರು ಕುಡಿಯಲು ಸತ್ಯಾಗ್ರಹವನ್ನೇ ಮಾಡಬೇಕಾಯಿತು. ಅದೇ ನೀರಿನ ಬಾಟಲಿಗಳು ಒಂದೇ ಮೇಜಿನ ಮೇಲೆ ಸಾಲಾಗಿ ನಿಂತಾಗ, ಮಕ್ಕಳ ಕಣ್ಣು ಇರುವುದು ನೊರೆಯ ಮೇಲೆ.

ಆಲ್‌ಪೋರ್ಟರ ಇನ್ನೊಂದು ಷರತ್ತು ಹಿರಿಯರ ಬೆಂಬಲ. ಪ್ರಯೋಗದ ಲೆಕ್ಕ ಬರೆಯಲು ಗುಂಪಿನ ಐದೂ ಮಕ್ಕಳು ಒಂದು ಭಾನುವಾರ ಯಾರದೋ ಮನೆಯಲ್ಲಿ ಸೇರುತ್ತಾರೆ. ಬಂದ ಐವರಿಗೂ ಒಂದೇ ಬಗೆಯ ಲೋಟದಲ್ಲಿ ಚಹಾ ಬರುತ್ತದೆಯೇ ಎಂಬುದನ್ನು ಮಕ್ಕಳು ತಪ್ಪದೆ ಗಮನಿಸುತ್ತಾರೆ.