ಹಿತ್ತಲ ಮಣ್ಣೂ ಬಣ್ಣವೇ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಔಷಧಕ್ಕೆ ಮಾತ್ರವಲ್ಲ, ಬಣ್ಣಕ್ಕೂ ಸಲ್ಲುತ್ತದೆ. ಚಿತ್ರ ಬರೆಯಬೇಕೆಂದೊಡನೆ ನಮ್ಮ ಮನಸ್ಸು ಪೇಟೆಯ ಬಣ್ಣದ ಡಬ್ಬಿಯ ಕಡೆಗೆ ಓಡುತ್ತದೆ. ಕಾಲಡಿಯ ನೆಲದ ಕಡೆಗೆ ತಿರುಗುವುದಿಲ್ಲ. ಈ ವರ್ಷ ಚಿತ್ರಕಲೆಯ ವರ್ಗದಲ್ಲಿ ನಾವು ಕೆಲವರು ಮಣ್ಣು, ಅರಿಶಿಣ, ಸುಣ್ಣ, ಒಲೆಯ ಮಸಿ, ಜಾಲಿಯ ಅಂಟು ಇವುಗಳಿಂದಲೇ ಚಿತ್ರಗಳನ್ನು ಬರೆದೆವು. ಅವನ್ನು ನೋಡಿದ ಹಿರಿಯರೊಬ್ಬರು, “ಯಾಕಪ್ಪಾ, ಬಣ್ಣ ಕೊಳ್ಳಲಿಕ್ಕೆ ದುಡ್ಡಿರಲಿಲ್ಲವೇನು?” ಎಂದು ಕೇಳಿದರು. ಮಾತು ಅಕ್ಕರೆಯದೇ, ಆದರೂ ಅದಕ್ಕೆ ಉತ್ತರ ಹೇಳಬೇಕೆನಿಸಿ ಈ ಲೇಖನ ಬರೆಯುತ್ತಿದ್ದೇನೆ.

ದುಡ್ಡಿನ ಮಾತು ಸುಳ್ಳಲ್ಲ. ಬಣ್ಣದ ಡಬ್ಬಿಯ ಬೆಲೆಗೆ ಅಂಜಿ ಚಿತ್ರಕಲೆಯನ್ನೇ ಕೈಬಿಟ್ಟವರು ನಮ್ಮಲ್ಲಿ ಇದ್ದಾರೆ. ಅಂಥವರಿಗೆ ಈ ದಾರಿ ತೆರೆದರೆ ಅದೊಂದು ದೊಡ್ಡ ಲಾಭವೇ. ಆದರೆ ಮಣ್ಣನ್ನು ಬಡವನ ಬದಲಿ ಬಣ್ಣವೆಂದು ಮಾತ್ರ ತಿಳಿದರೆ ನಾವು ಕಲಿತುದರಲ್ಲಿ ಮುಕ್ಕಾಲು ಪಾಲು ಕೈತಪ್ಪಿದಂತೆ.

ಕಮಲನಗರದ ಸುತ್ತಿನ ಹೊಲಗಳ ಎರೆಮಣ್ಣನ್ನೇ ನೋಡಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಇದು ಹೊಲದಲ್ಲಿ ಹೇಗೋ ಕಾಗದದ ಮೇಲೂ ಹಾಗೆಯೇ. ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ತಿಳಿಗೆಸರನ್ನು ಬಟ್ಟೆಯಲ್ಲಿ ಸೋಸಿ, ಜಾಲಿಯ ಅಂಟು ಬೆರೆಸಿ ತೆಳ್ಳಗೆ ಬಳಿದರೆ ಮಾತ್ರ ಅದು ಹಿಡಿದು ನಿಲ್ಲುತ್ತದೆ. ನನ್ನ ಗೆಳೆಯನೊಬ್ಬ ಬೇಕೆಂದೇ ದಪ್ಪಗೆ ಬಳಿದು ಬರಗಾಲದ ಹೊಲದ ಚಿತ್ರ ಮಾಡಿದ. ಬಿರುಕುಗಳನ್ನು ಅವನು ಬರೆಯಲಿಲ್ಲ, ಮಣ್ಣೇ ಬರೆಯಿತು. ಇನ್ನು ಬೀದರಿನ ಪ್ರಸ್ಥಭೂಮಿಯ ಕೆಂಪು ಮಣ್ಣು. ಅದರ ಕೆಂಪಿಗೆ ಕಾರಣ ಕಬ್ಬಿಣದ ಅಂಶ. ಆದುದರಿಂದ ಅದು ಬಿಸಿಲಿಗೆ ಮಾಸುವುದಿಲ್ಲ. ಅರಿಶಿಣದ ಗುಣ ಇದಕ್ಕೆ ತೀರ ವಿರುದ್ಧ. ಬಳಿದ ದಿನ ಕಣ್ಣು ಕುಕ್ಕುವ ಹಳದಿ, ಬಿಸಿಲಿಗಿಟ್ಟರೆ ದಿನದಿನಕ್ಕೆ ಕಳೆಗುಂದುತ್ತದೆ. ಸುಣ್ಣ ತಾಗಿದರೆ ಕೆಂಪಾಗುತ್ತದೆ. “ಅರಿಶಿಣ ಪಲ್ಯಾಕ್ ಹಾಕ್ಲೋ, ನಿನ್ ಕಾಗದಕ್ ಹಚ್ಲೋ?” ಎಂದು ನಮ್ಮವ್ವ ಕೇಳಿದಳು. ಆದರೆ ಸುಣ್ಣ ಬೆರೆತರೆ ಅದು ಕೆಂಪಾಗುವುದೆಂದು ನನಗಿಂತ ಮೊದಲೇ ತಿಳಿದವಳೂ ಅವಳೇ. ಡಬ್ಬಿಯ ಬಣ್ಣ ಇಂಥ ಯಾವ ಪಾಠವನ್ನೂ ಹೇಳುವುದಿಲ್ಲ. ಒತ್ತಿದರೆ ಬರುತ್ತದೆ, ಅಷ್ಟೆ.

ಇದೇನೂ ನಾವು ಕಂಡುಹಿಡಿದ ಹೊಸ ವಿದ್ಯೆಯಲ್ಲ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚ ಹಿಡಿದು, ಹಸೆ ಚಿತ್ತಾರ ಬರೆಯುತ್ತಾರೆ. ವಂಗದೇಶದ ಜಾಮಿನಿ ರಾಯರು ಎಣ್ಣೆಬಣ್ಣದಲ್ಲಿ ಪಳಗಿದ ಮೇಲೆ ಅದನ್ನು ಬಿಟ್ಟು ಮಣ್ಣಿನ ಬಣ್ಣಗಳಿಗೆ ಮರಳಿದರು. ಅದು ಬಡತನದಿಂದ ಬಂದುದಲ್ಲ, ಬೇಕೆಂದು ಆರಿಸಿಕೊಂಡುದು. ಅಷ್ಟು ದೂರ ಹೋಗುವುದೇಕೆ? ನಮ್ಮ ಬೀದರಿನ ಬಿದರಿ ಕೆಲಸವನ್ನೇ ನೋಡೋಣ. ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿಯನ್ನು ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಅದನ್ನು ಕಾಯಿಸುತ್ತಾರೆ. ಸತುವಿನ ಪಾತ್ರೆ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ತಕ್ಕ ಮಣ್ಣು ಯಾವುದೆಂದು ಕುಶಲಿಗಳು ನಾಲಗೆಗಿಟ್ಟು ರುಚಿ ನೋಡಿ ಹೇಳುತ್ತಾರೆ! ಈ ಕಲೆಯ ಹಿರಿಯ ಕುಶಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ೨೦೨೩ರಲ್ಲಿ ಪದ್ಮಶ್ರೀ ಸಂದಿತು. ಮಣ್ಣನ್ನರಿತ ನಾಲಗೆಗೆ ರಾಷ್ಟ್ರವೇ ಮನ್ನಣೆ ಕೊಟ್ಟಿರುವಾಗ, ಮಣ್ಣನ್ನು ಮುಟ್ಟಿದ ಕೈಗೆ ನಾವೇಕೆ ನಾಚಬೇಕು?

ಹಾಗೆಂದು ವಿಚಿತ್ರ ಸಾಮಗ್ರಿಯೆಲ್ಲವೂ ಕಲೆಯಾಗುವುದಿಲ್ಲ. ಕಾಫಿಪುಡಿಯಲ್ಲಿ ಬರೆದ ಮುಖಚಿತ್ರಕ್ಕೆ ಚಪ್ಪಾಳೆ ಬಿದ್ದರೆ, ಅದು ಮುಖಕ್ಕೆ ಬಿದ್ದುದೋ ಕಾಫಿಗೆ ಬಿದ್ದುದೋ ಎಂದು ಬರೆದವನು ತನ್ನನ್ನೇ ಕೇಳಿಕೊಳ್ಳಬೇಕು. ರೇಖೆ ಸೊಟ್ಟಾಗಿದ್ದರೆ ಯಾವ ಮಣ್ಣೂ ಅದನ್ನು ನೆಟ್ಟಗೆ ಮಾಡಲಾರದು. ಇನ್ನೊಂದು ಮಾತು: ಜೋಳ, ತೊಗರಿ, ಉದ್ದುಗಳನ್ನು ಹಲಗೆಗೆ ಅಂಟಿಸಿ, ಪ್ರದರ್ಶನ ಮುಗಿದೊಡನೆ ತಿಪ್ಪೆಗೆ ಎಸೆಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಮಳೆಯನ್ನೇ ನಂಬಿ ಬಿತ್ತುವ ಮನೆಗಳಿಂದ ಬಂದವರು ನಾವು. ಕಾಳಿನ ಬೆಲೆ ನಮಗೆ ಬೇರೆ ಯಾರೂ ಹೇಳಿಕೊಡಬೇಕಾದುದಿಲ್ಲ. ಸಿಪ್ಪೆಯಿದೆ, ಹೊಟ್ಟಿದೆ, ಮಣ್ಣಿದೆ, ಕಾಳು ಕಣಜದಲ್ಲಿರಲಿ.

ಗುರುವರ್ಯರಲ್ಲಿ ನನ್ನದೊಂದು ವಿನಂತಿಯಿದೆ. ಔರಾದ, ಭಾಲ್ಕಿ, ಕಮಲನಗರದ ಹಳ್ಳಿಗಳಿಂದ ಬರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದೊಂದು ಹಿಡಿ ಮಣ್ಣನ್ನು ತರಲಿ. ಊರಿನ ಹೆಸರು ಬರೆದ ಸೀಸೆಗಳಲ್ಲಿ ಅದನ್ನು ವರ್ಗದಲ್ಲಿ ಇಡೋಣ. ಪ್ರತಿ ಬಣ್ಣವನ್ನೂ ಒಂದು ಕಾಗದದ ಮೇಲೆ ಬಳಿದು, ಅರ್ಧ ಮುಚ್ಚಿ ಅರ್ಧ ಬಿಸಿಲಿಗೆ ಬಿಟ್ಟು, ಯಾವುದು ಉಳಿಯುವುದು, ಯಾವುದು ಅಳಿಯುವುದು ಎಂಬುದನ್ನು ಬರೆದಿಡೋಣ. ವರ್ಷಕ್ಕೊಮ್ಮೆ ಬಿದರಿ ಕುಶಲಿಗಳ ಕೆಲಸವನ್ನೂ, ಅಷ್ಟೂರಿನಲ್ಲಿ ಅಹಮದ್ ಶಾಹನ ಗೋರಿಯ ಒಳಗಿನ ವರ್ಣಚಿತ್ರಗಳನ್ನೂ, ೧೪೭೨ರ ಮಹಮೂದ್ ಗವಾನನ ಮದರಸಾದಲ್ಲಿ ಅಳಿದುಳಿದ ಬಣ್ಣದ ಹೆಂಚುಗಳನ್ನೂ ನೋಡಿ ಬರೋಣ. ಇದಕ್ಕೆ ಹೆಚ್ಚಿನ ಖರ್ಚು ತಗಲದು.

ಪೇಟೆಯ ಬಣ್ಣ ಬೇಡವೆಂದು ನಾನು ಹೇಳುವುದಿಲ್ಲ. ಎರಡನ್ನೂ ಅರಿತವನು ತನಗೆ ಬೇಕಾದುದನ್ನು ಆರಿಸಿಕೊಳ್ಳಲಿ. ಆದರೆ ಡಬ್ಬಿಯಿಲ್ಲವೆಂಬ ಒಂದೇ ಕಾರಣಕ್ಕೆ ಯಾವ ವಿದ್ಯಾರ್ಥಿಯೂ ವರ್ಗದ ಹೊರಗೆ ನಿಲ್ಲದಿರಲಿ. ಹೊಲದ ಮಣ್ಣು ಅವನಿಗಾಗಿ ಕಾದಿದೆ.