ಕಾಲಿಂಗೆ ಗೊಂತಾಯೆಕ್ಕು

ಎಂಗಳ ಗುಂಡ್ಯ ಹೊಡೆಲಿ ಮಳೆಗಾಲ ಹೇಳಿರೆ ಕಾಲಿಂಗೇ ಹೆಚ್ಚು ಕೆಲಸ. ತೋಟಕ್ಕೆ ಇಳಿವಗ ಕಣ್ಣು ಉಂಬುಳು ನೋಡ್ತು, ಹಾವಸೆ ಜಾರ್ತೋ ಹೇಳಿ ಕಾಲೇ ನೋಡೆಕ್ಕು. ತೋಡಿಂಗೆ ಹಾಕಿದ ಅಡಕ್ಕೆ ಮರದ ಸಂಕ ದಾಂಟುವಗ ಅಂತೂ ಕಣ್ಣಿಂದ ಹೆಚ್ಚು ಪಾದವನ್ನೇ ನಂಬುದು.

ಕಳುದ ಆಟಿಲಿ ತಂಗೆಯ ಮಗ ಬೆಂಗ್ಳೂರಿಂದ ಬಪ್ಪಗ ಮೋರೆಗೆ ಕಟ್ಟುವ ವಿಆರ್ ಕನ್ನಡಕ ತಂದ°. ಒಟ್ಟಿಂಗೆ ಕಾಲಗಂಟಿಂಗೆ ಸುತ್ತುವ ಎರಡು ಪಟ್ಟಿಯುದೆ. "ಮಾವಾ, ಕಟ್ಟಿ ನೋಡಿ" ಹೇಳಿದ°. ಜೆಗಿಲಿಲಿ ನಿಂದು ಕಟ್ಟಿಗೊಂಡೆ. ಎದುರು ಒಂದು ಮರದ ಸಂಕ, ಕೆಳ ಹೊಳೆ. ಹೆಜ್ಜೆ ಮಡುಗಿದ ಹಾಂಗೆ ಕಾಲಿಲ್ಲಿ ಗುರ್ ಗುರ್ ಹೇಳ್ತು. ಕೊಶಿ ಆತು, ಸುಳ್ಳು ಹೇಳುದೆಂತಕೆ? ಆದರೆ ಮರ ಬಗ್ಗಿತ್ತಿಲ್ಲೆ, ಚಂಡಿ ಇತ್ತಿಲ್ಲೆ. ಕಾಲಡಿಲಿ ಇದ್ದದು ಎಂಗಳ ಜೆಗಿಲಿಯ ಸಿಮೆಂಟೇ.

ಪಟ್ಟಿಯ ಒಳ ಇಪ್ಪದು ಮೊಬೈಲಿಲ್ಲಿ ನಡುಗುವ ಹಾಂಗಿಪ್ಪ ಸಣ್ಣ ಮೋಟರು. ನಮ್ಮ ಚರ್ಮದ ಒಳ ನಡುಕದ ಗುರ್ತ ಹಿಡಿವ ನರದ ತುದಿಗೊ ಇದ್ದು. ಸೆಕೆಂಡಿಂಗೆ 250 ಸರ್ತಿಯ ಹತ್ತರೆ ನಡುಗಿರೆ ಅವಕ್ಕೆ ಬೇಗ ಗೊಂತಾವುತ್ತು. ಮೋಟರಿಂಗೆ ಶುದ್ದಿ ಹೇಳ್ಲೆ ಎಡಿಗು, ನೆಲದ ಹಾಂಗೆ ತಿರುಗಿ ನೂಕುಲೆ ಎಡಿಯ.

ಆ ಲೋಕಲ್ಲಿ ಕಾಲಿಂಗೆ ಮರ್ಯಾದೆಯೂ ಕಮ್ಮಿ. ಮೆಟಾ ಕಂಪೆನಿಯ ವಿಆರಿಲ್ಲಿ ಜೆನಂಗೊ ಸೊಂಟಂದ ಮೇಗೆ ಮಾತ್ರ ತೇಲಿಗೊಂಡಿತ್ತಿದ್ದವು. ಕಾಲು ಬತ್ತು ಹೇಳಿ ಅವು ಹೇಳಿದ್ದು 2022ರ ಅಕ್ಟೋಬರಿಲ್ಲಿ, ಕೊಟ್ಟದು 2023ರಲ್ಲಿ.

ಹೊತ್ತೋಪಗ ಅಬ್ಬೆಯೂ ಪಟ್ಟಿ ಕಟ್ಟಿ ನೋಡಿತ್ತು. ಅಬ್ಬೆಗೆ ಎಪ್ಪತ್ತೆಂಟು ವರ್ಷ, ಶುಗರು ಶುರುವಾಗಿ ಇಪ್ಪತ್ತು. "ಎಂತದೂ ಗೊಂತಾವುತ್ತಿಲ್ಲೆ, ಚಾರ್ಜಿಲ್ಲೆಯೋ?" ಕೇಳಿತ್ತು. ಅಳಿಯ° ಬಿಚ್ಚಿ ಎನ್ನ ಕೈಗೆ ಕೊಟ್ಟ°. ಗುರ್ ಹೇಳಿಗೊಂಡೇ ಇತ್ತು.

ಎಂಗೊ ಇಬ್ರೂ ಮಾತಾಡಿದ್ದಿಲ್ಲೆ. ಆ ಕಾಲಿಲ್ಲಿಯೇ ಅಬ್ಬೆ ದಿನಾಗಲೂ ಸಂಕ ದಾಂಟಿಗೊಂಡಿತ್ತು. ಮರದಿನ ಡಾಕ್ಟ್ರು ಪಾದಕ್ಕೆ ಸಪೂರ ನೈಲಾನು ನೂಲು ಒತ್ತಿ ನೋಡಿದವು. ಹೆಚ್ಚಿನ ಜಾಗೆಲಿಯೂ ಅಬ್ಬೆಗೆ ಗೊಂತಾಯಿದಿಲ್ಲೆ.

ಅಂಬಗಂದ ಎನ್ನ ತಲೆಲಿ ಇಪ್ಪದು ಒಂದೇ ಮಾತು. ಇಲ್ಲದ್ದ ಸಂಕವ ಸರಿಯಿಪ್ಪ ಕಾಲಿಂಗೆ ತೋರುಸುವ ಬುದ್ಧಿವಂತಿಕೆ ಇದ್ದರೆ, ಇಪ್ಪ ಸಂಕವ ಮರಗಟ್ಟಿದ ಕಾಲಿಂಗೆ ತೋರುಸುವ ಕೆಲಸ ಮದಲು ಆಯೆಕ್ಕು. ಇದು ಆಗದ್ದ ಕೆಲಸ ಅಲ್ಲ. 2003ರಲ್ಲೇ ಲ್ಯಾನ್ಸೆಟ್ ಹೇಳ್ತ ವೈದ್ಯರ ಪತ್ರಿಕೆಲಿ ಬಯಿಂದು: ಪ್ರಾಯದವರ ಪಾದದಡಿಲಿ, ಅವಕ್ಕೆ ಗೊಂತೇ ಆಗದ್ದಷ್ಟು ಸಣ್ಣಕೆ ನಡುಗುವ ಮೆತ್ತೆ ಮಡುಗಿ ನಿಲ್ಲುಸಿ ನೋಡಿದವು, ಓಲಾಟ ಕಮ್ಮಿ ಆತು. 2006ರಲ್ಲಿ ಶುಗರಿಂದ ಪಾದ ಮರಗಟ್ಟಿದವರಲ್ಲಿಯೂ ಹಾಂಗೇ ಕಂಡತ್ತು. ಅದು ನಿಂದಲ್ಲಿ ಮಾಡಿದ ಪರೀಕ್ಷೆ, ಚಂಡಿ ಸಂಕಲ್ಲಿ ಅಲ್ಲ. ಆದರೂ ದಾರಿ ಇದ್ದು ಹೇಳಿ ಆತಲ್ಲದೋ?

ಮಕ್ಕೊ ಆಡುದು ತಪ್ಪು ಹೇಳಿ ಅಲ್ಲ. ಆಟಕ್ಕೆ ಹೇಳಿ ತುಂಬ ಮಾಡಿ ಕ್ರಯ ಇಳುದರೆ ನಾಳೆ ಅಬ್ಬೆಯ ಹಾಂಗಿಪ್ಪವಕ್ಕೂ ಸಿಕ್ಕುಗು ಹೇಳಿ ಅಳಿಯ° ಹೇಳ್ತ°. ಅಕ್ಕು. ಆದರೆ ತನ್ನಷ್ಟಕ್ಕೇ ಆಗ, ಆರಾದರೂ ಕೇಳೆಕ್ಕು.

ಸದ್ಯಕ್ಕೆ ಸಂಕಕ್ಕೆ ಬೆದುರಿನ ಕೈತಾಂಗು ಕಟ್ಟಿದೆಯೊ°. ಅಬ್ಬೆಗೆ ಕೋಪ. "ಎನ್ನ ಕಾಲಿಂಗೆ ದಾರಿ ಗೊಂತಿದ್ದು" ಹೇಳ್ತು. ದಾರಿ ಗೊಂತಿದ್ದು, ಅಪ್ಪು. ಜಾರುದು ಗೊಂತಾವುತ್ತಿಲ್ಲೆ.

ನಿಂಗಳ ಮನೆಲಿ ಶುಗರಿನ ಪ್ರಾಯದವು ಇದ್ದರೆ, ಇಂದು ಇರುಳು ಕಣ್ಣು ಮುಚ್ಚುಸಿ ಅವರ ಕಾಲಬೆರಳಿನ ಮೆಲ್ಲಂಗೆ ಮುಟ್ಟಿ ನೋಡಿ. ಯಾವ ಬೆರಳು ಹೇಳಿ ಕೇಳಿ. ಗೊಂತಾಗದ್ದರೆ ಡಾಕ್ಟ್ರ ಹತ್ತರೆ ಕರಕ್ಕೊಂಡು ಹೋಗಿ.