ಈ ಮಂಟಪ ಎಷ್ಟು ದಿನದ ಕಾಯಕ?



ಮಾಘ ಮಾಸ ಬಂತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹೆದ್ದಾರಿ ಬದಿಯ ಕಲ್ಯಾಣ ಮಂಟಪಗಳೆಲ್ಲ ಝಗಮಗಿಸುತ್ತವೆ. ಒಳಗೆ ಹೂವಿನ ವೇದಿಕೆ, ಡ್ರೋನ್ ಕ್ಯಾಮೆರಾ, ಇಪ್ಪತ್ತು ಬಗೆಯ ಊಟ, ಅರ್ಧ ತಿಂದು ಮಡಚಿದ ಎಲೆಗಳ ರಾಶಿ. ಖರ್ಚು ಎಷ್ಟಾಯಿತು ಎಂದರೆ ಹುಡುಗಿಯ ತಂದೆ ಲಕ್ಷಗಳಲ್ಲಿ ಉತ್ತರ ಹೇಳುತ್ತಾರೆ. ಬಸವಣ್ಣನವರನ್ನು ಗುರುವೆಂದು ಒಪ್ಪಿದ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಇದು ಎಷ್ಟು ದಿನದ ಕಾಯಕ?

ಲೆಕ್ಕ ಹಾಕಿಯೇ ನೋಡೋಣ. 2025-26ನೇ ಸಾಲಿನಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ. ಐದು ಲಕ್ಷದ ಮದುವೆ ಎಂದರೆ 1,351 ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ನಾಲ್ಕೂವರೆ ವರ್ಷ. ಆದರೆ ಈ ಲೆಕ್ಕವೂ ಸುಳ್ಳೇ, ಏಕೆಂದರೆ ದುಡಿಯುವವನು ಉಣ್ಣಬೇಕು, ಬಾಡಿಗೆ ಕಟ್ಟಬೇಕು, ಮಕ್ಕಳನ್ನು ಓದಿಸಬೇಕು. ದಿನಕ್ಕೆ ನೂರು ರೂಪಾಯಿ ಉಳಿಸಬಲ್ಲವನಿಗೆ ಅದು 5,000 ದಿನಗಳ ಉಳಿತಾಯ, ಅಂದರೆ ಹದಿನಾರು ವರ್ಷಕ್ಕೂ ಮಿಗಿಲು. ಮಗಳು ಹುಟ್ಟಿದಾಗಿನಿಂದ ಅವಳು ಎಸ್ಸೆಸ್ಸೆಲ್ಸಿ ಮುಗಿಸುವವರೆಗೆ ಕೂಡಿಟ್ಟಿದ್ದನ್ನು ಅಪ್ಪ ಎರಡು ದಿನದಲ್ಲಿ ಕರಗಿಸುತ್ತಾನೆ. ಸಾಲ ಮಾಡಿದ್ದರೆ ಇನ್ನೂ ದುಡಿಯದ ವರ್ಷಗಳನ್ನು ಅಡವಿಟ್ಟಿರುತ್ತಾನೆ. ವೇದಿಕೆಯ ಹೂವಿಗೆ ಐವತ್ತು ಸಾವಿರ ಕೊಟ್ಟರೆ ಅದು 135 ದಿನದ ಕೂಲಿ. ಮರುದಿನ ಬೆಳಿಗ್ಗೆ ಆ ಹೂವು ತಿಪ್ಪೆಯಲ್ಲಿರುತ್ತದೆ.

ನಂಬಿಕೆ ಬರದಿದ್ದರೆ ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆಗೆ ಹೋಗಿ ಕುಳಿತುಕೊಳ್ಳಿ. ವಿದ್ಯುತ್ ಮಗ್ಗದ ಸದ್ದಿನಲ್ಲಿ ಮಾತೇ ಕೇಳಿಸುವುದಿಲ್ಲ. ಕೂಲಿ ನೇಯ್ದ ಸೀರೆಯ ಲೆಕ್ಕದಲ್ಲಿ. ಕರೆಂಟು ಹೋದರೆ ಕೂಲಿಯೂ ಹೋಯಿತು. ಮಗ್ಗದ ಪಕ್ಕದಲ್ಲಿ ಮನೆಯ ಹೆಣ್ಣುಮಗಳು ನೂಲು ಸುತ್ತುತ್ತಿರುತ್ತಾಳೆ. ಅವಳ ಗಂಟೆಗಳಿಗೆ ಬೇರೆ ಕೂಲಿಯಿಲ್ಲ, ಗಂಡನ ಲೆಕ್ಕದಲ್ಲೇ ಕರಗಿ ಹೋಗುತ್ತವೆ. ಅಂಥ ಮನೆಯ ಮದುವೆಯಲ್ಲಿ ಎಲೆಯ ಮೇಲೆ ಬಿಟ್ಟ ಹೋಳಿಗೆ ಅವಳ ಬೆನ್ನುನೋವಿನದು. ಖರ್ಚು ಮಾಡುವಾಗ ಅವಳನ್ನು ಕೇಳಿದವರು ಯಾರು?

ಶರಣರು ಕೇಳಿದ್ದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಷ್ಟನ್ನೂ ಮರಳಿ ಸುರಿದು ಬರಲು ಕಳಿಸಿದವರು ಅವರ ಮಡದಿ ಲಕ್ಕಮ್ಮ. ಮನೆಯ ಅಳತೆ ಅವರ ಕೈಯಲ್ಲಿತ್ತು. ಇಂದಿನ ಕಾಯಕಕ್ಕೆ ಎಷ್ಟು ಸಲ್ಲುತ್ತದೋ ಅಷ್ಟೇ ಸಾಕೆಂದ ಆ ತಾಯಿಯ ಕಥೆಯನ್ನು ನಾವು ಬಸವ ಜಯಂತಿಯ ಭಾಷಣದಲ್ಲಿ ಹೇಳುತ್ತೇವೆ. ಭಾಷಣ ಮುಗಿಸಿ ಹೋಗಿ ಸಾಲಪತ್ರಕ್ಕೆ ಸಹಿ ಹಾಕುತ್ತೇವೆ.

‘ನಮ್ಮ ಹತ್ತಿರ ಹಣವಿದೆ, ನಿಮಗೇನು?’ ಎನ್ನುವವರೂ ಇದ್ದಾರೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ಸೀಮೆಯ ಎಷ್ಟೋ ಮನೆಗಳಿಗೆ ಭೂಮಿಯ ಹಣ ಬಂತು. ಆ ಹಣದಲ್ಲಿ ನಮ್ಮ ದುಡಿಮೆಯ ಗಂಟೆ ಎಷ್ಟು? ಕಲ್ಲು ಆರಿಸಿ, ಬಾವಿ ತೋಡಿ, ರಾಗಿ ಬೆಳೆದವರು ಅಜ್ಜ, ಮುತ್ತಜ್ಜ. ಅವರ ಬೆವರನ್ನು ಮೊಮ್ಮಗ ಒಂದು ಆರತಕ್ಷತೆಯಲ್ಲಿ ಮುಗಿಸುತ್ತಾನೆ. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಘೋಷಿಸಿತು. ನೆಲವನ್ನು ರೂಪಾಯಿಯಲ್ಲಷ್ಟೇ ಅಳೆಯುವವರು ಅಷ್ಟು ದಿನ ಬಿಸಿಲಲ್ಲಿ ಕೂರುವುದಿಲ್ಲ. ಮುಂದಿನ ಪೀಳಿಗೆಯ ಕಾಯಕವೂ ಆ ನೆಲದಲ್ಲಿದೆ ಎಂದು ತಿಳಿದವರು ಮಾತ್ರ ಕೂರುತ್ತಾರೆ.

ಈಗ ಮಠಗಳ ಮಾತು. ಈ ಪತ್ರಿಕೆ ಮಠಗಳ ಮೂಲಕವೇ ನಿಮ್ಮ ಕೈ ಸೇರುತ್ತದೆ, ಆದ್ದರಿಂದ ಇಲ್ಲಿಯೇ ಹೇಳಬೇಕು. ಬೆಳ್ಳಿಯ ಪಲ್ಲಕ್ಕಿ, ನಾಣ್ಯದ ತುಲಾಭಾರ, ಊರು ತುಂಬ ಫ್ಲೆಕ್ಸ್: ಇವೂ ಯಾರದೋ ದಿನಗೂಲಿಯೇ. ಬಡ ಭಕ್ತ ಸಾವಿರ ರೂಪಾಯಿ ಕಾಣಿಕೆ ಇಟ್ಟರೆ ಸುಮಾರು ಮೂರು ದಿನದ ತನ್ನ ಆಯುಷ್ಯವನ್ನು ಪಾದದ ಮುಂದೆ ಇಟ್ಟಿರುತ್ತಾನೆ. ಅದು ಕಟೌಟಿಗೆ ಹೋಗಬೇಕೆ?

‘ಹೀಗೆ ಗಂಟೆ ಎಣಿಸುತ್ತ ಕೂತರೆ ದಾಸೋಹವೇ ನಿಂತುಹೋಗುತ್ತದೆ’ ಎಂದು ಕೆಲವರು ಹೆದರಿಸುತ್ತಾರೆ. ಎಣಿಸಿದರೇ ದಾಸೋಹ ಉಳಿಯುವುದು. ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟಾಗ ಭಕ್ತನ ಮೂರು ದಿನದ ದುಡಿಮೆ ಒಂದು ಮಗುವಿನ ತಟ್ಟೆಗೆ ಹೋಯಿತು. ಅಲ್ಲಿ ದುಡಿಮೆ ಇನ್ನೊಂದು ಜೀವವಾಯಿತು. ಆಡಂಬರದಲ್ಲಿ ಅದು ನೋಡುವವರ ಕಣ್ಣಿಗೆ ಒಂದು ಸಂಜೆಯ ಬೆಳಕು, ಅಷ್ಟೆ.

ಮಾಡಬೇಕಾದದ್ದು ಕಷ್ಟವೇನಲ್ಲ. ಮದುವೆ, ಗೃಹಪ್ರವೇಶ, ಹೊಸ ಬೈಕು, ಯಾವುದೇ ಇರಲಿ, ಅದರ ಬೆಲೆಯನ್ನು ನಿಮ್ಮ ದಿನಗೂಲಿಯಿಂದ ಭಾಗಿಸಿ, ಬಂದ ದಿನಗಳನ್ನು ಮನೆಯ ಗೋಡೆಯ ಮೇಲೆ ಬರೆಯಿರಿ. ಮನೆಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಓದಿ. ಆಮೇಲೆಯೂ ಸರಿ ಅನಿಸಿದರೆ ಖರ್ಚು ಮಾಡಿ. ಮದುವೆಯನ್ನು ಮುಹೂರ್ತದ ಹಂಗಿಲ್ಲದೆ, ವರದಕ್ಷಿಣೆಯಿಲ್ಲದೆ, ಮಠದ ಅಂಗಳದಲ್ಲಿ ವಚನ ಮಾಂಗಲ್ಯವಾಗಿ ನೆರವೇರಿಸಿ. ಸುತ್ತೂರಿನ ಜಾತ್ರೆಯಲ್ಲಿ ಸಾಮೂಹಿಕ ವಿವಾಹ ನಡೆಯುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅದು ಬಡವರ ಮದುವೆ ಎಂಬ ಕೀಳರಿಮೆ ಏಕೆ? ಉಳ್ಳವರು, ಸಮಾಜದ ಮುಖಂಡರು ಮೊದಲು ತಮ್ಮ ಮಕ್ಕಳನ್ನು ಆ ಸಾಲಿನಲ್ಲಿ ನಿಲ್ಲಿಸಲಿ. ಮಠಗಳು ಮುಂದಿನ ಜಾತ್ರೆಯ ಖರ್ಚನ್ನು ರೂಪಾಯಿಯ ಜೊತೆಗೆ ದಿನಗೂಲಿಯಲ್ಲೂ ಬರೆದು ಬಾಗಿಲಿಗೆ ಅಂಟಿಸಲಿ.

ಹಣ ಹೋದರೆ ಮತ್ತೆ ದುಡಿಯಬಹುದು ಎನ್ನುತ್ತೇವೆ. ದುಡಿದ ದಿನ ಮಾತ್ರ ಮತ್ತೆ ಬರುವುದಿಲ್ಲ. ಅದನ್ನು ಯಾರಿಗೆ ಕೊಟ್ಟೆವು ಎಂಬುದಕ್ಕೆ ನಮ್ಮ ಅಂಗೈಯ ಇಷ್ಟಲಿಂಗದ ಮುಂದೆ ನಾವೇ ಉತ್ತರ ಹೇಳಬೇಕು.